ಟೆರಿಟೋರಿಯಲ್ ಆರ್ಮಿಗೆ ಸೇರಬೇಕಾ? ಕೋಲಾರದ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗ್ಗೆ ಐದೂವರೆಗೆ ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬಂದು ನೋಡಿ. ಓಡುತ್ತಿರುವ ಹುಡುಗರಲ್ಲಿ ಅರ್ಧ ಮಂದಿ ಪೊಲೀಸ್ ಅಂತಾರೆ, ಉಳಿದವರು ಮಿಲಿಟರಿ ಅಂತಾರೆ. ನಾನು ಅಲ್ಲಿಗೆ ವಾಕಿಂಗ್ ಹೋಗುವವನು. ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ಕಸುಬು. ಆ ಕಸುಬಿನ ಜತೆಗೇ ಹನ್ನೆರಡು ವರ್ಷ ಟೆರಿಟೋರಿಯಲ್ ಆರ್ಮಿಯಲ್ಲಿ ಜವಾನ, ಅಂದರೆ ಸಿಪಾಯಿ ಆಗಿದ್ದೆ. ಇದು ಗೊತ್ತಾದ ಮೇಲೆ ಹುಡುಗರು ಟ್ರ್ಯಾಕ್ ಪಕ್ಕದಲ್ಲಿ ನಿಲ್ಲಿಸಿ ಕೇಳುತ್ತಾರೆ, ಅವರ ಅಪ್ಪಂದಿರು ಮಂಡಿಗೆ ಬಂದು ಕೇಳುತ್ತಾರೆ, ಮಾಲೂರು, ಚಿಂತಾಮಣಿ ಕಡೆಯಿಂದ ಕಾಗದ ಬರೆದವರೂ ಇದ್ದಾರೆ. ಕೇಳುವುದೆಲ್ಲ ಹೆಚ್ಚುಕಡಿಮೆ ಅದೇ. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

## ಮೊದಲು ಗೊತ್ತಿರಬೇಕಾದ್ದು

ಟೆರಿಟೋರಿಯಲ್ ಆರ್ಮಿ ಅಂದ್ರೆ ಏನಣ್ಣ? ಹೋಂ ಗಾರ್ಡ್ ಥರಾನಾ?

ಅಲ್ಲ. ಹೋಂ ಗಾರ್ಡ್ ರಾಜ್ಯ ಸರ್ಕಾರದ್ದು, ಬಂದೋಬಸ್ತಿಗೆ ಪೊಲೀಸರ ಜತೆ ನಿಲ್ಲುವ ದಳ. ಟೆರಿಟೋರಿಯಲ್ ಆರ್ಮಿ, ಬಾಯಿಮಾತಿಗೆ ಟಿಎ, ಭಾರತೀಯ ಸೇನೆಯದೇ ಒಂದು ಅಂಗ. ಅದಕ್ಕೆ 1948ರ ಪ್ರತ್ಯೇಕ ಕಾಯ್ದೆ ಇದೆ. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಉದ್ಘಾಟನೆ ಮಾಡಿದ್ದರು. ಈಗಲೂ ಅಕ್ಟೋಬರ್ 9 ಟಿಎ ದಿನ. 1962, 1965, 1971ರ ಯುದ್ಧಗಳಲ್ಲಿ ಟಿಎ ಘಟಕಗಳು ಕೆಲಸ ಮಾಡಿವೆ, ಶ್ರೀಲಂಕಾಕ್ಕೂ ಹೋಗಿ ಬಂದಿವೆ.

ಊರಲ್ಲಿ ತನ್ನದೊಂದು ಕಸುಬು ಇಟ್ಟುಕೊಂಡವನು ವರ್ಷಕ್ಕಿಷ್ಟು ದಿನ ಯೂನಿಫಾರಂ ಹಾಕಿ ತರಬೇತಿ ಪಡೆಯುತ್ತಾನೆ, ಕರೆ ಬಂದಾಗ ಡ್ಯೂಟಿಗೆ ಹೋಗುತ್ತಾನೆ, ಮುಗಿದ ಮೇಲೆ ತನ್ನ ಕಸುಬಿಗೆ ವಾಪಸ್ ಬರುತ್ತಾನೆ. ಇಷ್ಟೇ ಟಿಎ.

'ರಿಸರ್ವ್' ಅಂತಾರಲ್ಲ ಸಾರ್, ಅದೂ ಇದೂ ಒಂದೇನಾ?

ಪೂರ್ತಿ ಒಂದೇ ಅಲ್ಲ. ಸೇನೆಯಿಂದ ನಿವೃತ್ತನಾದ ಸಿಪಾಯಿಯನ್ನು ಸ್ವಲ್ಪ ಕಾಲ ರಿಸರ್ವ್ ಪಟ್ಟಿಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಅವನಿಗೆ ತರಬೇತಿ ಆಗಲೇ ಆಗಿರುತ್ತದೆ. ಯೂನಿಫಾರಂ ಮುಟ್ಟಿಯೇ ಇಲ್ಲದ ನಾಗರಿಕನೊಬ್ಬ ಮೀಸಲು ಸೈನಿಕನಾಗಬೇಕು ಅಂದರೆ ನಮ್ಮ ದೇಶದಲ್ಲಿ ದಾರಿ ಟಿಎ.

ಅಗ್ನಿವೀರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಅಗ್ನಿವೀರ್ 2022ರಲ್ಲಿ ಶುರುವಾದದ್ದು. ನಾಲ್ಕು ವರ್ಷ ಪೂರ್ಣಾವಧಿ, ಆಮೇಲೆ ಶೇ 25ರಷ್ಟು ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಸೇರುವುದಕ್ಕೆ ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತರ ಆಸುಪಾಸು. ಟಿಎಗೆ 18ರಿಂದ 42. ಅಗ್ನಿವೀರ್ ಒಂದು ಉದ್ಯೋಗ, ಟಿಎ ಉದ್ಯೋಗ ಇರುವವನಿಗೆ. ಇಪ್ಪತ್ತು ತುಂಬದ ಹುಡುಗ ನನ್ನ ಹತ್ತಿರ ಬಂದು ಟಿಎ ಕೇಳಿದರೆ, ಮೊದಲು ಅಗ್ನಿವೀರ್ ಬರಿ ಅಂತಲೇ ಹೇಳೋದು. ಟಿಎಗೆ ಇನ್ನೂ ಇಪ್ಪತ್ತು ವರ್ಷ ಟೈಮ್ ಇದೆ.

ಕೆಲಸ ಇಲ್ಲ, ಅದಕ್ಕೇ ಟಿಎಗೆ ಹೋಗೋಣ ಅಂತಿದ್ದೀನಿ. ಸರೀನಾ?

ಸರಿಯಲ್ಲ. ಹತ್ತು ಜನ ಕೇಳಿದರೆ ಏಳು ಜನ ಕೇಳುವುದು ಇದನ್ನೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿಎ ಅಧಿಸೂಚನೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ: ಅಭ್ಯರ್ಥಿಗೆ ನೌಕರಿಯೋ ಸ್ವಂತ ದುಡಿಮೆಯೋ ಇರಲೇಬೇಕು, ಪೂರ್ಣಾವಧಿ ಕೆಲಸ ಹುಡುಕುವವರು ಅರ್ಜಿ ಹಾಕಬೇಡಿ. ನಮ್ಮ ಹುಡುಗರು ಹುದ್ದೆ ಎಷ್ಟು, ಸಂಬಳ ಎಷ್ಟು ಅಂತ ನೋಡಿ ಈ ಸಾಲು ಹಾರಿಸಿಬಿಡುತ್ತಾರೆ. ಕರೆದಷ್ಟು ದಿನಕ್ಕೆ ಮಾತ್ರ ಸಂಬಳ. ಘಟಕವನ್ನು ಡ್ಯೂಟಿಯಿಂದ ಬಿಡುಗಡೆ ಮಾಡಿದರೆ ಮನೆಗೆ ಬರಬೇಕು, ಆಮೇಲೆ ಒಲೆ ಉರಿಯುವುದು ನಿಮ್ಮ ಕಸುಬಿನಿಂದಲೇ.

ಬಹಳಷ್ಟು ಇನ್‌ಫೆಂಟ್ರಿ (ಕಾಲಾಳು ಪಡೆ) ಬಟಾಲಿಯನ್‌ಗಳನ್ನು ವರ್ಷಗಟ್ಟಲೆ ಡ್ಯೂಟಿಯಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನುವುದೂ ನಿಜ. ಅದನ್ನು ಕೇಳಿಕೊಂಡೇ 'ಹೇಗೋ ಕಾಯಂ ಥರ ಆಗುತ್ತೆ' ಅಂತ ಲೆಕ್ಕ ಹಾಕುತ್ತಾರೆ. ನನ್ನ ಜತೆ ಸೇರಿದ್ದವನೊಬ್ಬ ಹಾಗೆ ಲೆಕ್ಕ ಹಾಕಿಯೇ ಇದ್ದ ಕೆಲಸ ಬಿಟ್ಟಿದ್ದ. ಬಿಡುಗಡೆಯ ಆದೇಶ ಬಂದ ದಿನ ಅವನ ಮುಖ ನೋಡಲಿಕ್ಕಾಗಲಿಲ್ಲ.

## ಯಾರು ಸೇರಬಹುದು

ಎಷ್ಟು ಓದಿರಬೇಕು?

ಜವಾನ ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿ, ಒಟ್ಟು ಶೇ 45, ಪ್ರತಿ ವಿಷಯದಲ್ಲೂ ಶೇ 33. ಕ್ಲರ್ಕ್‌ಗೆ ಪಿಯುಸಿ, ಒಟ್ಟು ಶೇ 60, ವಿಷಯವಾರು ಶೇ 50. ಅಡುಗೆ, ಕ್ಷೌರ, ಬಟ್ಟೆ ಒಗೆತ, ಬಡಗಿ ಕೆಲಸದಂಥ ಟ್ರೇಡ್ಸ್‌ಮನ್ ಹುದ್ದೆಗೆ ಹತ್ತನೇ ತರಗತಿ ಪಾಸು. ಹೌಸ್ ಕೀಪರ್, ಮೆಸ್ ಕೀಪರ್‌ಗೆ ಎಂಟನೇ ತರಗತಿ ಸಾಕು. ಟ್ರೇಡ್ಸ್‌ಮನ್‌ಗೆ ಕೈಕೆಲಸದ ಪರೀಕ್ಷೆಯೂ ಇರುತ್ತದೆ. ಟ್ರೇಡ್ಸ್‌ಮನ್ ಅಂದರೆ ಕೀಳು ಅಂತ ಮೂಗು ಮುರಿಯಬೇಡಿ. ಕ್ಯಾಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಗುವುದು ಒಳ್ಳೆ ಅಡುಗೆಯವನಿಗೆ.

ನಮ್ಮದು ಎರಡೆಕರೆ ತೋಟ, ಬೇರೆ ನೌಕರಿ ಇಲ್ಲ. ರೈತರಿಗೆ ಅವಕಾಶ ಇದೆಯಾ?

ಇದೆ. ಸ್ವಂತ ದುಡಿಮೆ ಅಂದರೆ ಬೇಸಾಯವೂ ಸೇರಿತು. ಹೂವು, ಟೊಮೆಟೊ, ರೇಷ್ಮೆ, ಹಾಲು, ಅಂಗಡಿ, ಆಟೊ, ಏನಿದ್ದರೂ ನಡೆಯುತ್ತದೆ. ಆದರೆ ಅದು ಕಾಗದದಲ್ಲಿ ಕಾಣಬೇಕು. ಪಹಣಿ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇರುವುದು ನಮ್ಮ ಕಡೆ ಮಾಮೂಲು. ಪ್ಯಾನ್ ಕಾರ್ಡ್ ಮಾಡಿಸಿ, ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ ಹಾಲಿನ ಡೇರಿ ದುಡ್ಡೋ ಮಂಡಿ ದುಡ್ಡೋ ಬರುವ ಹಾಗೆ ನೋಡಿಕೊಳ್ಳಿ. ಸ್ವಂತ ಉದ್ಯೋಗ ಏನು, ವರ್ಷದ ಆದಾಯ ಎಷ್ಟು ಅಂತ ಛಾಪಾ ಕಾಗದದ ಮೇಲೆ ಅಫಿಡವಿಟ್ ಕೇಳುತ್ತಾರೆ, ಅಧಿಕಾರಿ ಹುದ್ದೆಗಂತೂ ಕಡ್ಡಾಯ.

ನಾನು ಪೊಲೀಸ್ ಕಾನ್‌ಸ್ಟೆಬಲ್, ನನ್ನ ತಮ್ಮ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ಇಬ್ಬರಿಗೂ ಆಗುತ್ತಾ?

ನಿಮಗೆ ಆಗಲ್ಲ, ತಮ್ಮನಿಗೆ ಆಗಬಹುದು. ಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್, ಅರೆಸೇನಾ ಪಡೆಗಳಲ್ಲಿ ಈಗ ಕೆಲಸದಲ್ಲಿರುವವರು ಟಿಎಗೆ ಅರ್ಹರಲ್ಲ. ಅವರ ಕರ್ತವ್ಯವೇ ಬೇರೆ ಇದೆಯಲ್ಲ. ಕಂಡಕ್ಟರ್, ಮೇಷ್ಟ್ರು, ಗ್ರಾಮ ಲೆಕ್ಕಿಗರು ಸೇರಬಹುದು, ಆದರೆ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ನೇಮಕಾತಿ ರ‍್ಯಾಲಿಯ ಹಿಂದಿನ ವಾರ ಕೇಳಲು ಹೋದರೆ ಸಿಗುವುದಿಲ್ಲ. ಟಪಾಲು ಟೇಬಲ್ಲಿಂದ ಟೇಬಲ್ಲಿಗೆ ಹೋಗಲು ಎಷ್ಟು ದಿನ ಬೇಕು ಅಂತ ಕಚೇರಿಯಲ್ಲಿ ಇರುವವರಿಗೆ ನಾನು ಹೇಳಬೇಕಾಗಿಲ್ಲ.

ನನ್ನ ಮಗಳಿಗೂ ಆಸೆ ಇದೆ. ಹೆಣ್ಣುಮಕ್ಕಳನ್ನ ತಗೋತಾರಾ?

ಅಧಿಕಾರಿ ಹುದ್ದೆಗೆ ತೆಗೆದುಕೊಳ್ಳುತ್ತಾರೆ. ಮಹಿಳೆಯರೂ ಟಿಎಗೆ ಅರ್ಹರು ಅಂತ 2018ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಸೀಟು ಕಡಿಮೆ. ಪದವಿ, ಕೆಲಸ ಎರಡೂ ಇದ್ದರೆ ಅಧಿಕಾರಿ ಪರೀಕ್ಷೆಗೆ ತಯಾರಿ ಮಾಡಿಸಿ.

## ರ‍್ಯಾಲಿ, ಓಟ, ಮೆಡಿಕಲ್

ರ‍್ಯಾಲಿ ಕೋಲಾರದಲ್ಲೇ ಆಗುತ್ತಾ?

ಆಗುತ್ತೆ ಅಂತ ಕಾಯಬೇಡಿ. ಅಗ್ನಿವೀರ್‌ಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಬೆಂಗಳೂರಿನ ಸೇನಾ ನೇಮಕಾತಿ ಕಚೇರಿಗೆ ಸೇರುತ್ತವೆ. ಟಿಎ ಲೆಕ್ಕ ಬೇರೆ. ಇಡೀ ಕರ್ನಾಟಕ ಪುಣೆಯಲ್ಲಿರುವ ಸದರ್ನ್ ಕಮಾಂಡಿನ ಟಿಎ ಗ್ರೂಪ್ ಕೇಂದ್ರ ಕಚೇರಿಯ ಕೆಳಗೆ ಬರುತ್ತದೆ. ಯಾವ ಬಟಾಲಿಯನ್‌ನಲ್ಲಿ ಜಾಗ ಖಾಲಿ ಇದೆ ಅನ್ನುವುದರ ಮೇಲೆ ಜಾಗ, ತಾರೀಖು ಗೊತ್ತು ಮಾಡುತ್ತಾರೆ. 2024ರ ನವೆಂಬರ್‌ನಲ್ಲಿ ರ‍್ಯಾಲಿ ಆದದ್ದು ಬೆಳಗಾವಿಯಲ್ಲಿ. ಇಲ್ಲಿಂದ ಐನೂರು ಕಿಲೋಮೀಟರ್ ದಾಟಿ ಹೋಗಬೇಕು, ಅಲ್ಲಿ ಸಾವಿರಾರು ಹುಡುಗರು.

ರಾತ್ರಿ ಜನರಲ್ ಬೋಗಿಯಲ್ಲಿ ನಿಂತುಕೊಂಡು ಹೋಗಿ ಬೆಳಗ್ಗೆ ಓಡಿದರೆ ಕಾಲು ಕೇಳುವುದಿಲ್ಲ. ಒಂದು ದಿನ ಮುಂಚೆ ಹೋಗಿ, ಮಲಗಿ, ಆಮೇಲೆ ಓಡಿ. ನಿಮ್ಮ ರಾಜ್ಯಕ್ಕೆ, ಜಿಲ್ಲೆಗೆ ಯಾವ ದಿನ ಅಂತ ಅಧಿಸೂಚನೆಯಲ್ಲಿ ಎರಡು ಸಲ ಓದಿಕೊಳ್ಳಿ. ಬೇರೆಯವರ ದಿನ ಹೋದರೆ ಗೇಟಿನಿಂದಲೇ ವಾಪಸ್.

1,600 ಮೀಟರ್ ಎಷ್ಟರಲ್ಲಿ ಓಡಬೇಕಣ್ಣ? ನಂಗೆ ಮೂರನೇ ರೌಂಡಲ್ಲಿ ಉಸಿರೇ ಬರಲ್ಲ

ಐದೂವರೆ ನಿಮಿಷದ ಗುರಿ ಇಟ್ಟುಕೊಳ್ಳಿ. ಸೇನೆಯ ರ‍್ಯಾಲಿಗಳಲ್ಲಿ ಬಹುಕಾಲ ಅಷ್ಟರೊಳಗೆ ಮುಗಿಸಿದವರಿಗೇ ಪೂರ್ಣ ಅಂಕ. ಅದರ ಮೇಲೆ ಹದಿನೈದು ಸೆಕೆಂಡ್ ಎರಡನೇ ಗುಂಪು. ಈ ಗುಂಪುಗಳನ್ನು ಆಗಾಗ ಬದಲಾಯಿಸುತ್ತಾರೆ, ಆಯಾ ಅಧಿಸೂಚನೆ ನೋಡಿಕೊಳ್ಳಬೇಕು. ಐದೂವರೆಗೆ ತಯಾರಾದವನಿಗೆ ಹೇಗೆ ಬದಲಾದರೂ ತೊಂದರೆ ಇಲ್ಲ.

ಈಗ ಮೂರನೇ ರೌಂಡಿನ ಕಥೆ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಐದೂವರೆ ನಿಮಿಷ ಅಂದರೆ 330 ಸೆಕೆಂಡ್. ಸುತ್ತಿಗೆ ಸುಮಾರು 82 ಸೆಕೆಂಡ್ ಬಿತ್ತು. ಹುಡುಗರು ಏನು ಮಾಡುತ್ತಾರೆ? ಸೀಟಿ ಊದಿದ್ದೇ ತಡ, ಪಕ್ಕದವನನ್ನು ನೋಡಿ ಮೊದಲ ಸುತ್ತು 70 ಸೆಕೆಂಡಿಗೆ ಹೊಡೆದುಬಿಡುತ್ತಾರೆ. ಎರಡನೆಯದು 80. ಮೂರನೆಯದಕ್ಕೆ ಕಾಲು ಕಬ್ಬಿಣ ಆಗಿ 95ಕ್ಕೆ ಇಳಿಯುತ್ತದೆ. ವೇಮಗಲ್ ಕಡೆಯ ಹುಡುಗನೊಬ್ಬ ಎರಡು ತಿಂಗಳು ಹೀಗೇ ಒದ್ದಾಡಿದ. ಆರು ನಿಮಿಷದಿಂದ ಕೆಳಗೆ ಇಳಿಯಲೇ ಇಲ್ಲ. ಕೊನೆಗೆ ನಾನು ಮೊಬೈಲ್ ಹಿಡಿದು ಗೆರೆ ಹತ್ತಿರ ನಿಂತು, ಮೊದಲ ಸುತ್ತು 84ಕ್ಕಿಂತ ಮುಂಚೆ ಬಂದರೆ ಬೈತೀನಿ ಅಂದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಅವನನ್ನು ದಾಟಿ ಹೋದರು, ಅವನಿಗೆ ಅಳು ಬರುವ ಹಾಗಿತ್ತು. ಮೂರನೇ ಸುತ್ತಲ್ಲಿ ಅವರನ್ನೆಲ್ಲ ಅವನು ದಾಟಿದ. ಅವತ್ತು 5 ನಿಮಿಷ 41 ಸೆಕೆಂಡ್.

ವಾರದ ಲೆಕ್ಕ ಹೀಗಿಟ್ಟುಕೊಳ್ಳಿ: ಮೂರು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ನಾಲ್ಕೈದು ಕಿಲೋಮೀಟರ್, ಒಂದು ದಿನ 400 ಮೀಟರ್‌ಗಳನ್ನು 80 ಸೆಕೆಂಡಿನಂತೆ ಆರು ಸಲ, ನಡುನಡುವೆ ಎರಡು ನಿಮಿಷ ನಡಿಗೆ, ಒಂದು ದಿನ ಅಂತರಗಂಗೆ ಬೆಟ್ಟದ ಮೆಟ್ಟಿಲು. ಮೆಟ್ಟಿಲು ಹತ್ತುವಾಗ ಕೈಯಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಬೇಡಿ, ಕೋತಿಗಳು ಬಿಡುವುದಿಲ್ಲ. ಉಳಿದ ಎರಡು ದಿನ ವಿಶ್ರಾಂತಿ. ಹೈವೇ ಅಂಚಿನಲ್ಲಿ ಓಡಬೇಡಿ. ಸೀಸನ್ನಿನಲ್ಲಿ ಬೆಳಗಿನ ಜಾವ ಟೊಮೆಟೊ ಗಾಡಿಗಳು ಮುಳಬಾಗಿಲು ರಸ್ತೆಯಲ್ಲಿ ಯಾವ ವೇಗದಲ್ಲಿ ಬರುತ್ತವೆ ಅಂತ ನನಗೆ ಗೊತ್ತು, ಡ್ರೈವರ್‌ಗಳು ನಿದ್ದೆಗೆಟ್ಟಿರುತ್ತಾರೆ.

ಬೀಮ್ ಎರಡೇ ಹೊಡೆಯೋಕಾಗೋದು. ಕ್ರೇಟ್ ಎತ್ತಿ ಎತ್ತಿ ತೋಳು ಗಟ್ಟಿ ಇದೆ, ಆದ್ರೂ ಆಗಲ್ಲ ಯಾಕೆ?

ಕ್ರೇಟ್ ಎತ್ತುವುದು ಸೊಂಟ, ಕಾಲಿನ ಬಲ. ಬೀಮ್‌ಗೆ, ಅಂದರೆ ಅಡ್ಡಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆಯುವ ಪುಲ್-ಅಪ್‌ಗೆ, ಬೇಕಾದ್ದು ಬೆನ್ನು ಮತ್ತು ಹಿಡಿತ. ಹತ್ತಕ್ಕೆ ಪೂರ್ಣ ಅಂಕ, ಕನಿಷ್ಠ ಆರು. ಸ್ಟೂಲ್ ಹಾಕಿಕೊಂಡು ಗದ್ದ ಬೀಮಿನ ಮೇಲಕ್ಕೆ ಬರುವ ಹಾಗೆ ನಿಂತು, ಐದು ಎಣಿಸುತ್ತಾ ನಿಧಾನವಾಗಿ ಕೆಳಗೆ ಇಳಿಯಿರಿ. ದಿನಕ್ಕೆ ಹತ್ತು ಸಲ ಇಳಿದರೆ ಒಂದೂವರೆ ತಿಂಗಳಲ್ಲಿ ಹತ್ತುವುದು ತಾನಾಗಿ ಬರುತ್ತದೆ. ಕಾಲು ಝಾಡಿಸಿ ಹತ್ತಿದ್ದನ್ನು ಅಲ್ಲಿ ಎಣಿಸುವುದಿಲ್ಲ. ಇದಲ್ಲದೆ 9 ಅಡಿ ಹಳ್ಳ ಹಾರುವುದು, ಝಿಗ್‌ಝ್ಯಾಗ್ ಹಲಗೆ ಮೇಲೆ ನಡೆಯುವುದು ಇರುತ್ತದೆ. ಅವೆರಡಕ್ಕೆ ಅಂಕ ಇಲ್ಲ, ಪಾಸಾದರೆ ಸಾಕು.

ಎತ್ತರ ಎಷ್ಟಿರಬೇಕು?

ಕನಿಷ್ಠ 160 ಸೆಂ.ಮೀ. ಎದೆ 77 ಸೆಂ.ಮೀ., ಉಸಿರು ತುಂಬಿದಾಗ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ತೂಕ 50 ಕೆ.ಜಿ.

ನಮ್ಮ ಕಡೆ ನೀರಿಗೆ ಹಲ್ಲು ಕಂದು ಬಣ್ಣ ಆಗಿದೆ. ಮೆಡಿಕಲ್‌ನಲ್ಲಿ ತೆಗೆದುಹಾಕ್ತಾರಾ?

ಈ ಪ್ರಶ್ನೆ ಬೇರೆ ಜಿಲ್ಲೆಯವರಿಗೆ ಹೊಳೆಯುವುದೇ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಸೇನೆಯಲ್ಲಿ ಹಲ್ಲನ್ನು ಪಾಯಿಂಟ್ ಲೆಕ್ಕದಲ್ಲಿ ನೋಡುತ್ತಾರೆ, ಗಟ್ಟಿ ಹಲ್ಲು, ಆರೋಗ್ಯದ ವಸಡು ಸೇರಿ ಕನಿಷ್ಠ 14 ಡೆಂಟಲ್ ಪಾಯಿಂಟ್ ಬೇಕು. ಹುಳುಕು ಇದ್ದರೆ ಈಗಲೇ ತುಂಬಿಸಿಕೊಳ್ಳಿ, ಕೀಳಿಸುವ ಆತುರ ಬೇಡ. ಫ್ಲೋರೈಡಿನಿಂದ ಕೀಲು ಬಿಗಿಯಾಗಿದ್ದರೆ ಮಾತ್ರ ಮೊದಲು ಡಾಕ್ಟರಿಗೆ ತೋರಿಸಿ.

ಕಿವಿಯ ಗುಗ್ಗೆ ತೆಗೆಸಿಕೊಂಡು ಹೋಗಿ, ಅದಕ್ಕಾಗಿಯೇ ತಡೆಹಿಡಿಸಿಕೊಂಡವರನ್ನು ಕಂಡಿದ್ದೇನೆ. ಚಪ್ಪಟೆ ಪಾದ, ನಿಂತಾಗ ಮೊಣಕಾಲು ಒಂದಕ್ಕೊಂದು ತಾಗುವುದು, ಬಣ್ಣಗುರುಡು ಇವನ್ನೆಲ್ಲ ನೋಡುತ್ತಾರೆ. ಹಚ್ಚೆ ಇದ್ದರೆ ಮುಂಗೈಯ ಒಳಭಾಗ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ, ಮತ್ತು ಹಸ್ತದ ಹಿಂಭಾಗದಲ್ಲಿ ಮಾತ್ರ ನಡೆಯುತ್ತದೆ. ಕತ್ತಿನ ಮೇಲೆ, ಎದೆ ಮೇಲೆ ಹುಡುಗಿ ಹೆಸರು ಬರೆಸಿಕೊಂಡವರಿಗೆ ಕಷ್ಟ.

ಏನೇನು ಕಾಗದ ಬೇಕು?

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂಲಪ್ರತಿ, ಆಧಾರ್, ಪ್ಯಾನ್, ನಾಡಕಚೇರಿಯಿಂದ ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ, ಆರು ತಿಂಗಳೊಳಗಿನ ನಡತೆ ಪ್ರಮಾಣಪತ್ರ, 21 ತುಂಬದಿದ್ದರೆ ಮದುವೆಯಾಗಿಲ್ಲ ಅನ್ನುವ ಪತ್ರ, ಬಿಳಿ ಹಿನ್ನೆಲೆಯ ಹೊಸ ಫೋಟೊ ಇಪ್ಪತ್ತು, ನೌಕರಿಯಲ್ಲಿದ್ದರೆ ನಿರಾಕ್ಷೇಪಣಾ ಪತ್ರ. ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಅಪ್ಪ ಒಂದು ಕಡೆ ವೆಂಕಟೇಶಪ್ಪ, ಇನ್ನೊಂದು ಕಡೆ ವೆಂಕಟೇಶ್. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಉಳಿದೆಲ್ಲವನ್ನೂ ತಿದ್ದಿಸಿ.

ದುಡ್ಡು ಕೊಟ್ರೆ ಮಾಡಿಸಿಕೊಡ್ತೀನಿ ಅಂತ ಒಬ್ರು ಹೇಳ್ತಿದ್ದಾರೆ...

ಕೊಡಬೇಡಿ. ನನ್ನ ಅಕ್ಕನ ಮಗನೇ ಕೊಟ್ಟು ಕೂತ. ತರಬೇತಿ ಕೊಡುತ್ತೀವಿ ಅಂತ ಬೋರ್ಡ್ ಹಾಕಿದ್ದ ಕಡೆ ಎರಡು ಹಸು ಮಾರಿ ದುಡ್ಡು ಕಟ್ಟಿದ, ಸೀಲು ಹೊಡೆದ ಒಂದು ಕಾಲ್ ಲೆಟರ್ ಕೂಡ ಕೊಟ್ಟರು. ಅದನ್ನು ನನಗೆ ತೋರಿಸಿದಾಗ 'ಬಟಾಲಿಯನ್' ಅನ್ನುವ ಪದವೇ ತಪ್ಪಾಗಿತ್ತು. ಓಟ ನೀವೇ ಓಡಬೇಕು, ರಕ್ತ ನಿಮ್ಮದೇ ಕೊಡಬೇಕು, ಇದರಲ್ಲಿ ಮಧ್ಯದವನು ಮಾಡುವುದಕ್ಕೆ ಏನಿದೆ?

## ತರಬೇತಿ

ಬೇಸಿಕ್ ಟ್ರೈನಿಂಗ್ ಎಷ್ಟು ದಿನ? ಒಂದೇ ತಿಂಗಳು ಅಂತಾರೆ, ನಿಜಾನಾ?

ನಿಯಮದ ಪ್ರಕಾರ ಮೊದಲ ವರ್ಷದ ರಿಕ್ರೂಟ್ ತರಬೇತಿ ಸುಮಾರು ಒಂದು ತಿಂಗಳು. ಊರೂರಿಂದ ಜನ ಬರುವ ಘಟಕಗಳಲ್ಲಿ ಅದನ್ನು ಒಂದೇ ಸಲ ಮಾಡಿಸುತ್ತಾರೆ, ಆಮೇಲೆ ಪ್ರತಿ ವರ್ಷ ಎರಡು ತಿಂಗಳ ವಾರ್ಷಿಕ ಶಿಬಿರ. ನಗರ ಘಟಕಗಳಲ್ಲಿ ಶನಿವಾರ, ಭಾನುವಾರ, ರಜಾ ದಿನಗಳಲ್ಲಿ ಹಂಚಿ ಮಾಡುತ್ತಾರೆ, ನಾಲ್ಕು ಗಂಟೆಯ ತರಬೇತಿಗೆ ಒಂದು ದಿನದ ಲೆಕ್ಕ.

'ಒಂದೇ ತಿಂಗಳಾ, ಸುಲಭ' ಅನ್ನುವವರಿಗೆ ನನ್ನ ಉತ್ತರ: ಒಂದೇ ತಿಂಗಳಾದ್ದರಿಂದಲೇ ಕಷ್ಟ. ರೆಗ್ಯುಲರ್ ರಿಕ್ರೂಟಿಗೆ ದೇಹ ಪಳಗಲು ತಿಂಗಳುಗಟ್ಟಲೆ ಟೈಮ್ ಸಿಗುತ್ತದೆ. ಟಿಎನಲ್ಲಿ ನೀವು ಪಳಗಿಯೇ ಬಂದಿರುತ್ತೀರಿ ಅಂತ ಅವರ ಅಂದಾಜು. ಗದ್ದುಗೆ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ನನಗೆ ಮೂರನೇ ದಿನ ಮೊಣಕಾಲು ಮುಂದಿನ ಮೂಳೆ ಹಿಡಿದುಕೊಂಡು, ಮೆಟ್ಟಿಲು ಇಳಿಯುವುದಕ್ಕೂ ಗೋಡೆ ಹಿಡಿಯಬೇಕಾಯಿತು. ಮೂರು ತಿಂಗಳು ಮುಂಚಿನಿಂದ ಮೈ ಬಗ್ಗಿಸಿದವನಿಗೆ ಆ ಗತಿ ಬರುವುದಿಲ್ಲ.

ಅಲ್ಲಿ ಏನೇನು ಹೇಳಿಕೊಡ್ತಾರೆ?

ಪಿಟಿ, ಡ್ರಿಲ್, ಹತಿಯಾರ (ಆಯುಧ), ಗಾಯಕ್ಕೆ ಪ್ರಥಮ ಚಿಕಿತ್ಸೆ, ನಕಾಶೆ ಓದುವುದು, ಬಯಲಲ್ಲಿ ಮೈ ಮರೆಸಿಕೊಂಡು ಸಾಗುವುದು, ಸಂತ್ರಿ ಡ್ಯೂಟಿ, ಅಂದರೆ ಕಾವಲು. ಇದರಲ್ಲಿ ಡ್ರಿಲ್ ಬೇಜಾರು, ಪಿಟಿ ನೋವು, ಹತಿಯಾರ ಮಾತ್ರ ಯಾರಿಗೂ ಬೇಜಾರಾಗುವುದಿಲ್ಲ.

ನಮಗೆ ಕೊಟ್ಟದ್ದು ಇನ್ಸಾಸ್ ರೈಫಲ್, 5.56 ಎಂ.ಎಂ. ಮೊದಲ ವಾರ ಗುಂಡಿನ ಮಾತೇ ಇಲ್ಲ. ಚಾಪೆ ಮೇಲೆ ಕೂತು ಬಿಚ್ಚುವುದು, ಜೋಡಿಸುವುದು; ಖೋಲ್ನಾ, ಜೋಡ್ನಾ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿ ಇಡಬೇಕು. ಇಲ್ಲದಿದ್ದರೆ ಜೋಡಿಸುವಾಗ ಕೈ ತಡಕಾಡುತ್ತದೆ. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಅದನ್ನೇ ಮಾಡಿಸುತ್ತಾರೆ. ಸ್ವಚ್ಛ ಮಾಡುವುದಕ್ಕೆ ಪುಲ್‌ಥ್ರೂ ಅಂತ ಒಂದು ಹಗ್ಗ, ಅದರ ಕುಣಿಕೆಗೆ ಎಣ್ಣೆ ಹಚ್ಚಿದ ಚಿಂದಿ ಸಿಕ್ಕಿಸಿ ಬ್ಯಾರಲ್ಲಿನ ಒಳಗೆ ಒಂದೇ ಎಳೆತದಲ್ಲಿ ಎಳೆಯಬೇಕು. ನಡುವೆ ನಿಲ್ಲಿಸಿದರೆ ಚಿಂದಿ ಸಿಕ್ಕಿಕೊಂಡಿತು, ತರಬೇತಿ ಕೊಡುವ ಉಸ್ತಾದರ ಬಾಯಿಗೆ ಬಿದ್ದಿರಿ. ಎಳೆದ ಮೇಲೆ ಬ್ಯಾರಲ್ ಆಕಾಶಕ್ಕೆ ಹಿಡಿದು ನೋಡಿದರೆ ಒಳಗಿನ ಸುರುಳಿ ಗೆರೆಗಳು ಕನ್ನಡಿ ಥರ ಹೊಳೆಯಬೇಕು. ಹೊಳೆಯದಿದ್ದರೆ ಇನ್ನೊಂದು ಚಿಂದಿ.

ಫೈರಿಂಗ್ ದಿನ ಮೊದಲು ಐದು ಗುಂಡು, ಮಲಗಿಕೊಂಡು. ಗುರಿ ಮಧ್ಯಕ್ಕೇ ಬೀಳಬೇಕು ಅಂತಿಲ್ಲ, ಐದೂ ಒಂದೇ ಕಡೆ ಗುಂಪಾಗಿ ಬೀಳಬೇಕು. ನನ್ನ ಐದು ಗುಂಡು ಐದು ದಿಕ್ಕಿಗೆ ಹೋದವು; ಟ್ರಿಗರ್ ಒತ್ತುವ ಬದಲು ಕಿತ್ತಿದ್ದೆ. ಹೊಡೆದಾದ ಮೇಲೆ ಖಾಲಿ ಖೋಕಾ (ಗುಂಡಿನ ಕವಚ) ಎಣಿಸಿ ಒಪ್ಪಿಸಬೇಕು. ಒಂದು ಕಮ್ಮಿಯಾಗಿತ್ತು. ಇಡೀ ಪ್ಲಟೂನ್ ಮಂಡಿಯೂರಿ ಹುಲ್ಲಿನಲ್ಲಿ ಹುಡುಕಿತು, ಕತ್ತಲಾಗುವ ಹೊತ್ತಿಗೆ ಒಬ್ಬನ ಮಡಿಸಿದ ತೋಳಿನೊಳಗೆ ಸಿಕ್ಕಿತು. ಮಂಡಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಈಗಲೂ ಆ ಹುಲ್ಲು ನೆನಪಾಗುತ್ತದೆ.

ನಂಗೆ ಹಿಂದಿ ಬರಲ್ಲ. ತೆಲುಗು, ಕನ್ನಡ ಅಷ್ಟೇ

ನನಗೂ ಬರುತ್ತಿರಲಿಲ್ಲ. ಡ್ರಿಲ್ಲಿನ ಕಾಷನ್‌ಗಳು, ಅಂದರೆ ಕೂಗುವ ಆದೇಶಗಳು, ಎಲ್ಲ ಹಿಂದಿಯಲ್ಲೇ: ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್. ಮೊದಲ ದಿನ 'ಬಾಯೇ ಮುಡ್' ಅಂದಾಗ ನಾನೊಬ್ಬನೇ ಬಲಕ್ಕೆ ತಿರುಗಿ ಪಕ್ಕದವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆ. ಅದಕ್ಕೆ ಸಿಕ್ಕ ರಗಡಾದಲ್ಲಿ (ಮೈ ದಣಿಸುವ ಶಿಕ್ಷೆ) ಎಡ ಬಲ ಜನ್ಮಕ್ಕೂ ಮರೆಯದ ಹಾಗೆ ಕಲಿತೆ. ನೂರು ಪದ ಗೊತ್ತಿದ್ದರೆ ಮೊದಲ ತಿಂಗಳು ದಾಟಬಹುದು. ಗಿಂತಿ ಅಂದರೆ ಹಾಜರಿ ಎಣಿಕೆ, ಲಂಗರ್ ಅಂದರೆ ಅಡುಗೆಮನೆ. ಲಂಗರಲ್ಲಿ ಮುದ್ದೆ ಸಿಗುವುದಿಲ್ಲ.

ಒಂದು ಸಲ ಟ್ರೈನಿಂಗ್ ಆದ್ರೆ ಮುಗೀತಾ?

ಇಲ್ಲ. ವಾರ್ಷಿಕ ಶಿಬಿರ ಪ್ರತಿ ವರ್ಷ ಇರುತ್ತದೆ, ಅಲ್ಲಿ ಫೈರಿಂಗ್ ಮತ್ತು ದೈಹಿಕ ಪರೀಕ್ಷೆಗಳೂ ಇರುತ್ತವೆ. ನಮ್ಮ ಕಾಲದಲ್ಲಿ ಪಿಪಿಟಿ ಅನ್ನುವ ದೈಹಿಕ ಸಾಮರ್ಥ್ಯದ ಪರೀಕ್ಷೆಯಲ್ಲಿ 2.4 ಕಿ.ಮೀ. ಓಟ, ಬಿಪಿಇಟಿ ಅನ್ನುವ ಯುದ್ಧ ಸಾಮರ್ಥ್ಯದ ಪರೀಕ್ಷೆಯಲ್ಲಿ ಹತಿಯಾರ, ಪಿಟ್ಟು (ಬೆನ್ನಚೀಲ) ಹೊತ್ತು 5 ಕಿ.ಮೀ. ಇತ್ತು. ಪ್ಯಾರಾ ಬಟಾಲಿಯನ್ ಆದರೆ ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿಗೆ ಹೋಗಿ ಐದು ಸಲ ವಿಮಾನದಿಂದ ಜಿಗಿಯಬೇಕು, ಅದರಲ್ಲಿ ಒಂದು ರಾತ್ರಿ ಜಿಗಿತ.

## ಅಧಿಕಾರಿಯಾಗಬೇಕು ಅನ್ನುವವರಿಗೆ

ಡಿಗ್ರಿ ಆಗಿದೆ, ಕೆಲಸವೂ ಇದೆ. ಆಫೀಸರ್ ಪರೀಕ್ಷೆ ಹೇಗಿರುತ್ತೆ?

ಎರಡು ಪೇಪರ್. ಒಂದರಲ್ಲಿ ರೀಸನಿಂಗ್ ಮತ್ತು ಹೈಸ್ಕೂಲ್ ಮಟ್ಟದ ಗಣಿತ, ಇನ್ನೊಂದರಲ್ಲಿ ಸಾಮಾನ್ಯ ಜ್ಞಾನ ಮತ್ತು ಇಂಗ್ಲಿಷ್. ಪ್ರತಿ ಪೇಪರಿನ ಪ್ರತಿ ಭಾಗದಲ್ಲೂ ಕನಿಷ್ಠ ಶೇ 40, ಒಟ್ಟಾರೆ ಶೇ 50 ಬರಬೇಕು. ಪಾಸಾದವರಿಗೆ ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿಯ ಸಂದರ್ಶನ, ಅಲ್ಲೂ ಗೆದ್ದರೆ ಮೆಡಿಕಲ್. ಪುಸ್ತಕ ಓದಿ ಪರೀಕ್ಷೆ ದಾಟಬಹುದು; ಎಸ್‌ಎಸ್‌ಬಿಯ ಐದು ದಿನದಲ್ಲಿ ಹಗ್ಗ, ಹಲಗೆ, ಡಬ್ಬ ಕೊಟ್ಟು ಗುಂಪಿನಲ್ಲಿ ಹಳ್ಳ ದಾಟಿ ಅಂದಾಗ ನಿಜವಾದ ನೀವು ಹೊರಗೆ ಬರುತ್ತೀರಿ. ಅಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುವವನು ಗೆಲ್ಲುತ್ತಾನೆ ಅನ್ನುವುದು ತಪ್ಪು ತಿಳಿವಳಿಕೆ.

ಆಫೀಸರ್‌ಗೆ ಟ್ರೈನಿಂಗ್ ಬೇರೆಯಾ?

ಬೇರೆ. ಮೊದಲ ವರ್ಷ ಒಂದು ತಿಂಗಳ ಬೇಸಿಕ್ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಶಿಬಿರ, ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಮೂರು ತಿಂಗಳು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವವರು ಈ ಮೂರು ತಿಂಗಳ ರಜೆಯ ಬಗ್ಗೆ ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಧೋನಿ ಥರ ಸೀದಾ ಲೆಫ್ಟಿನೆಂಟ್ ಕರ್ನಲ್ ಆಗಬಹುದಾ?

ವಿಶ್ವಕಪ್ ಗೆದ್ದು ಬನ್ನಿ, ಆಮೇಲೆ ನೋಡೋಣ. ಧೋನಿಗೆ 2011ರಲ್ಲಿ ಕೊಟ್ಟದ್ದು ಗೌರವ ಪದವಿ. ನೀವು ಸೇರಿದರೆ ಲೆಫ್ಟಿನೆಂಟ್‌ನಿಂದಲೇ ಶುರು. ಹಾಗಂತ ಧೋನಿ ಸುಮ್ಮನೆ ಬ್ಯಾಡ್ಜ್ ಹಾಕಿಕೊಳ್ಳಲಿಲ್ಲ. 2015ರಲ್ಲಿ ಆಗ್ರಾದಲ್ಲಿ ಪ್ಯಾರಾಶೂಟ್ ಜಿಗಿತ ಮುಗಿಸಿದರು, 2019ರಲ್ಲಿ ಬೆಂಗಳೂರು ಮೂಲದ 106 ಟಿಎ ಪ್ಯಾರಾ ಬಟಾಲಿಯನ್ ಜತೆ ಎರಡು ವಾರ ಕಾಶ್ಮೀರದಲ್ಲಿ ಗಸ್ತು ತಿರುಗಿದರು.

## ಸೇರಿದ ಮೇಲೆ

ಕ್ಯಾಂಪಿಗೆ ಹೋಗಿ ಬರೋಷ್ಟರಲ್ಲಿ ಫ್ಯಾಕ್ಟರಿ ಕೆಲಸ ಹೋದ್ರೆ?

ಟಿಎ ಕಾಯ್ದೆಯ 7ಎ ಕಲಮಿನಲ್ಲಿ ಇದಕ್ಕೆ ರಕ್ಷಣೆ ಇದೆ. ಟಿಎ ಸೇವೆಗೆ ಹೋದವನನ್ನು ಸೇವೆ ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನ ಮೇಲೆ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವುದು ಮಾಲೀಕನ ಕರ್ತವ್ಯ. ತಕರಾರಾದರೆ ನಿಗದಿತ ಪ್ರಾಧಿಕಾರದ ಮುಂದೆ ಹೋಗಬಹುದು. ಆದರೆ ನರಸಾಪುರ, ಮಾಲೂರು, ವೇಮಗಲ್‌ನ ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮ ಹುಡುಗರು ಬಹಳಷ್ಟು ಜನ ಗುತ್ತಿಗೆದಾರನ ಕೈಕೆಳಗೆ, ತಿಂಗಳ ಲೆಕ್ಕದಲ್ಲಿ ಇರುವವರು. ಕಾಗದದ ಮೇಲೆ ನಿಮ್ಮ ಮಾಲೀಕ ಯಾರು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಮೂವ್‌ಮೆಂಟ್ ಆರ್ಡರ್, ರಜೆ ಅರ್ಜಿ, ಸ್ವೀಕೃತಿ ಸಹಿ, ಎಲ್ಲದರ ಜೆರಾಕ್ಸ್ ಮನೆಯಲ್ಲಿ ಇರಲಿ.

ಸಂಬಳ, ಪಿಂಚಣಿ?

ತರಬೇತಿ ಮತ್ತು ಡ್ಯೂಟಿಯ ದಿನಗಳಿಗೆ ರೆಗ್ಯುಲರ್ ಸೇನೆಯ ಲೆಕ್ಕವೇ. 7ನೇ ವೇತನ ಆಯೋಗದಂತೆ ಸಿಪಾಯಿಯ ಆರಂಭದ ಮೂಲ ವೇತನ 21,700 ರೂಪಾಯಿ, ಜತೆಗೆ ಮಿಲಿಟರಿ ಸರ್ವಿಸ್ ಪೇ 5,200. ಲೆಫ್ಟಿನೆಂಟಿಗೆ 56,100 ಮತ್ತು 15,500. ಪಿಂಚಣಿಗೆ ಜವಾನನಾದರೆ ಒಟ್ಟು 15 ವರ್ಷ, ಅಧಿಕಾರಿಯಾದರೆ 20 ವರ್ಷ ಡ್ಯೂಟಿಯಲ್ಲಿದ್ದ ಸೇವೆ ಬೇಕು. ಮನೆಯಲ್ಲಿದ್ದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹನ್ನೆರಡು ವರ್ಷದಲ್ಲಿ ಡ್ಯೂಟಿಯದು ಏಳು, ಹಾಗಾಗಿ ಪಿಂಚಣಿ ಇಲ್ಲ. ಗೊತ್ತಿದ್ದೇ ಸೇರಿದ್ದೆ.

ನಿಜವಾಗ್ಲೂ ಯುದ್ಧ ಬಂದ್ರೆ ಕರೀತಾರಾ?

ಕರೆಯುತ್ತಾರೆ. 2025ರ ಮೇ ತಿಂಗಳಲ್ಲಿ ಟಿಎ ನಿಯಮ 33ರಡಿ ಎಲ್ಲ ಟಿಎ ಅಧಿಕಾರಿಗಳನ್ನೂ ಜವಾನರನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇರುವ 32 ಇನ್‌ಫೆಂಟ್ರಿ ಬಟಾಲಿಯನ್‌ಗಳಲ್ಲಿ 14 ಬಟಾಲಿಯನ್‌ಗಳನ್ನು ಡ್ಯೂಟಿಗೆ ಇಳಿಸಲು ಒಪ್ಪಿಗೆ ಸಿಕ್ಕಿತು, ಅದರಲ್ಲಿ ನಮ್ಮ ಸದರ್ನ್ ಕಮಾಂಡ್ ಪ್ರದೇಶವೂ ಸೇರಿತ್ತು. ಆ ವಾರ ನನಗೆ ಎಷ್ಟು ಫೋನ್ ಬಂದವೋ ಲೆಕ್ಕವಿಲ್ಲ. ಸೇರುವುದಕ್ಕಲ್ಲ, ಸೇರಿದ ಮಗನನ್ನು ಬಿಡಿಸಿಕೊಂಡು ಬರುವುದು ಹೇಗೆ ಅಂತ ಕೇಳಲು ಅಪ್ಪಂದಿರು ಮಾಡಿದ ಫೋನುಗಳು. ಮನೆಯವರ ಹತ್ತಿರ ಈ ಮಾತು ರ‍್ಯಾಲಿಗೆ ಹೋಗುವ ಮುಂಚೆಯೇ ಆಡಿ ಮುಗಿಸಿ.

ಕ್ಯಾಂಪು ಟೊಮೆಟೊ ಸೀಸನ್ನಲ್ಲೇ ಬಂದ್ರೆ ಏನು ಮಾಡ್ತಿದ್ರಿ?

ಹೋಗುತ್ತಿದ್ದೆ. ಜೂನ್‌ನಿಂದ ಆಗಸ್ಟ್ ನಮ್ಮ ಮಂಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳು, ಎರಡು ಸಲ ಆಗಲೇ ಕರೆ ಬಂತು. ಒಂದು ವರ್ಷ ಹರಾಜು ನಡೆಯುತ್ತಿರುವಾಗಲೇ ಪುಸ್ತಕ ಮುಚ್ಚಿ ಹೊರಟೆ. ಸಾಹುಕಾರರು ಬೈದರು, ಆಮೇಲೆ ತಮ್ಮ ಅಳಿಯನನ್ನು ನನ್ನ ಜಾಗದಲ್ಲಿ ಕೂರಿಸಿದರು. ವಾಪಸ್ ಬಂದು ನೋಡಿದರೆ ಎರಡು ತಿಂಗಳ ಲೆಕ್ಕ ಒಂದು ಪುಟವೂ ತಾಳೆಯಾಗುತ್ತಿರಲಿಲ್ಲ, ಸರಿ ಮಾಡುವಷ್ಟರಲ್ಲಿ ದೀಪಾವಳಿ ಬಂದಿತ್ತು.